ಖಾಲಿ ತೋಟೆಗೆ ಮತ್ತೆ ಮದ್ದು: ಊರಮನೆಯ ಪದ್ಧತಿ ಮತ್ತು ಇಂದಿನ ಕಾನೂನು

ಮುಂಬಯಿ ಮತ್ತು ಉಪನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಲೆನಾಡು, ಕೊಡಗು ಹಾಗೂ ಕರಾವಳಿಯ ಕೃಷಿಕ ಮನೆತನಗಳಿಂದ ಬಂದವರು ಅನೇಕರಿದ್ದಾರೆ. ಅಂತಹ ಮನೆತನಗಳ ಊರಮನೆಯಲ್ಲಿ ಗೋಡೆಗೆ ಒಂದು ಕೋವಿ, ಅಟ್ಟದ ಮೇಲೆ ಅದರ ಸಾಮಗ್ರಿಗಳ ಒಂದು ಪೆಟ್ಟಿಗೆ ಇರುವುದು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಪೆಟ್ಟಿಗೆಯೊಳಗೆ ಹಿತ್ತಾಳೆಯ ಖಾಲಿ ತೋಟೆಗಳು, ಕೇಪು, ಸೀಸದ ಚರೆ, ಮದ್ದು ಅಳೆಯುವ ಪುಟ್ಟ ಪಾತ್ರೆ ಇರುತ್ತಿದ್ದವು. ಹಿರಿಯರು ಕಾಲವಾದ ಬಳಿಕ ಮನೆ ಪಾಲಾಗುವಾಗ ಈ ಪೆಟ್ಟಿಗೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. ಹಾರಿಸಿದ ತೋಟೆಯನ್ನು ಮನೆಯಲ್ಲೇ ಮತ್ತೆ ತುಂಬುವ ಪದ್ಧತಿ, ಅದರ ಅಪಾಯ ಮತ್ತು ಅದರ ಬಗ್ಗೆ ನಮ್ಮ ದೇಶದ ಕಾನೂನು ಹೇಳುವುದನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ತೋಟೆಯ ರಚನೆ

ಚರೆ ಹಾರಿಸುವ ಕೋವಿಯ ತೋಟೆಯಲ್ಲಿ ಐದು ಭಾಗಗಳಿವೆ. ಹೊರಗಿನ ಕವಚ, ಅದರ ಬುಡದಲ್ಲಿ ಕೂರುವ ಕೇಪು, ಅದರ ಮೇಲೆ ಮದ್ದು, ಮದ್ದನ್ನೂ ಚರೆಯನ್ನೂ ಬೇರ್ಪಡಿಸುವ ಬಿಲ್ಲೆ, ಕೊನೆಗೆ ಸೀಸದ ಚರೆ. ಕೋವಿಯ ಮೊಳೆ ಕೇಪನ್ನು ಕುಟ್ಟಿದಾಗ ಕಿಡಿ ಹುಟ್ಟಿ ಮದ್ದು ಉರಿಯುತ್ತದೆ; ಅದರ ಅನಿಲವು ಬಿಲ್ಲೆಯನ್ನು ತಳ್ಳಿ ಚರೆಯನ್ನು ನಳಿಗೆಯಿಂದ ಹೊರದೂಡುತ್ತದೆ. ಕವಚ ಮಾತ್ರ ಉಳಿಯುತ್ತದೆ. ಉಳಿದ ಈ ಕವಚಕ್ಕೆ ಹೊಸ ಕೇಪು, ಮದ್ದು, ಬಿಲ್ಲೆ, ಚರೆ ಹಾಕಿ ಬಾಯಿ ಮುಚ್ಚುವುದೇ ಮರುತುಂಬುವಿಕೆ.

‘12 ಬೋರ್’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳನ್ನಾಗಿ ಮಾಡಿದರೆ ಒಂದೊಂದು ಗುಂಡಿನ ವ್ಯಾಸ ಎಷ್ಟೋ ನಳಿಗೆಯ ಒಳವ್ಯಾಸವೂ ಅಷ್ಟು, ಅಂದರೆ ಸುಮಾರು 18.5 ಮಿಲಿಮೀಟರ್. ಆದ್ದರಿಂದಲೇ 20 ಬೋರಿನ ನಳಿಗೆ 12 ಬೋರಿಗಿಂತ ಕಿರಿದು.

ನಮ್ಮ ಕಡೆಯ ಪದ್ಧತಿ

ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಕೇಪಿನ ಕೋವಿ, ತೋಟಾಕೋವಿ, ಈಡು, ಚರೆ ಮೊದಲಾದ ಮಾತುಗಳು ಹೊಸವಲ್ಲ. ಕೇಪಿನ ಕೋವಿಗೆ ತೋಟೆಯೇ ಇಲ್ಲ. ಬಾಯಿಯಿಂದ ಮದ್ದು ಸುರಿದು ಗಜದಿಂದ ಜಡಿಯಬೇಕು. ಪ್ರತಿ ಈಡನ್ನೂ ಕೈಯಾರೆ ತುಂಬುವ ಅಭ್ಯಾಸವಿದ್ದ ಮನೆಗಳಿಗೆ ತೋಟಾಕೋವಿ ಬಂದಾಗ, ಹಿತ್ತಾಳೆಯ ತೋಟೆಯನ್ನು ಮತ್ತೆ ತುಂಬುವುದು ಅದೇ ಅಭ್ಯಾಸದ ಮುಂದುವರಿಕೆಯಾಯಿತು. ಅಂಗಡಿಯ ತೋಟೆ ದುಬಾರಿ, ಪೇಟೆ ದೂರ, ಹಂದಿಯ ಕಾಟ ಮಾತ್ರ ಪ್ರತಿ ರಾತ್ರಿಯದು. ಹಿತ್ತಾಳೆಯ ಕವಚ ಹಲವಾರು ಬಾರಿ ಬಳಕೆಗೆ ಬರುತ್ತಿದ್ದುದರಿಂದ ಮಿತವ್ಯಯದ ಮನೆಗಳು ಅದನ್ನು ಜೋಪಾನ ಮಾಡುತ್ತಿದ್ದವು.

ಕೊಡಗಿನಲ್ಲಿ ಕೋವಿಗೆ ಇನ್ನೂ ಹೆಚ್ಚಿನ ಸ್ಥಾನವಿದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವುದು ಅಲ್ಲಿಯ ರೂಢಿ. ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತದಂದು ಆಯುಧಗಳಿಗೆ ತೋಕ್ ಪೂ ಮುಡಿಸಿ ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ನಮ್ಮ ನಾಡಿನ ಅತ್ಯಂತ ಹಳೆಯ ಗುರಿಕ್ರೀಡೆಗಳಲ್ಲಿ ಇದೊಂದೆನ್ನಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಹೊಂದಲು ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ತೋಟೆಯನ್ನು ತಯಾರಿಸುವುದು ಬೇರೆಯೇ ವಿಷಯ.

ಅಮೆರಿಕದಲ್ಲಿ ಹವ್ಯಾಸ

ಅಮೆರಿಕದಲ್ಲಿ ಹಾರುವ ಬಿಲ್ಲೆಗಳಿಗೆ ಗುರಿಯಿಡುವ ಟ್ರ್ಯಾಪ್ ಮತ್ತು ಸ್ಕೀಟ್ ಆಟಗಾರರಲ್ಲಿ ಅನೇಕರು ತಮ್ಮ ತೋಟೆಗಳನ್ನು ಗ್ಯಾರೇಜಿನಲ್ಲೇ ತುಂಬಿಕೊಳ್ಳುತ್ತಾರೆ. ಅದಕ್ಕೆಂದೇ ಕೈಯಿಂದ ನಡೆಸುವ ಯಂತ್ರಗಳೂ, ಮದ್ದು ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಅಳತೆಯ ಕೋಷ್ಟಕಗಳೂ ಅಲ್ಲಿ ದೊರೆಯುತ್ತವೆ. ಒಂದು ಸುತ್ತಿಗೆ 25 ಬಿಲ್ಲೆಗಳು. ಒಂದು ಸ್ಪರ್ಧೆಗೆ ಹಲವು ಸುತ್ತುಗಳು. ಅಭ್ಯಾಸವನ್ನೂ ಸೇರಿಸಿದರೆ ವರ್ಷಕ್ಕೆ ಸಾವಿರಾರು ತೋಟೆಗಳು ಬೇಕು. ಖರ್ಚು ಉಳಿಸುವುದೂ, ಹೆಗಲಿಗೆ ಬೀಳುವ ಪೆಟ್ಟು ಕಡಿಮೆಯಾಗುವಂತೆ ಹಗುರಾದ ತೋಟೆ ಮಾಡಿಕೊಳ್ಳುವುದೂ ಅವರ ಉದ್ದೇಶ. ಅಲ್ಲಿರುವ ಬಂಧುಗಳ ಮನೆಯಲ್ಲಿ ಇದನ್ನು ಕಂಡು ಬಂದವರಿಗೆ ಇಲ್ಲಿಯೂ ಹಾಗೆಯೇ ಮಾಡಬಹುದೆಂದು ಅನಿಸುವುದು ಸಹಜ. ಆದರೆ ಎರಡು ದೇಶಗಳ ಕಾನೂನಿನಲ್ಲಿ ಅಜಗಜಾಂತರವಿದೆ.

ನಮ್ಮ ಕಾನೂನು

1959ರ ಶಸ್ತ್ರಾಸ್ತ್ರ ಕಾಯಿದೆಯು ‘ಮದ್ದುಗುಂಡು’ ಎಂಬ ಪದಕ್ಕೆ ಬಹು ವಿಶಾಲವಾದ ಅರ್ಥವನ್ನು ಕೊಟ್ಟಿದೆ. ತುಂಬಿದ ತೋಟೆ ಮಾತ್ರವಲ್ಲ, ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಆ ಪದದೊಳಗೆ ಬರುತ್ತವೆ. ಅಂದರೆ ವಿದೇಶದಿಂದ ತಂದ ತುಂಬುವ ಯಂತ್ರವೊಂದು ಖಾಲಿಯಾಗಿದ್ದರೂ ಕಾನೂನಿನ ಕಣ್ಣಿನಲ್ಲಿ ಮದ್ದುಗುಂಡೇ. ಇದನ್ನು ತಿಳಿದವರು ವಿರಳ.

ಕಾಯಿದೆಯ 3ನೇ ಕಲಮಿನ ಪ್ರಕಾರ ಕೋವಿ ಅಥವಾ ಮದ್ದುಗುಂಡನ್ನು ಹೊಂದಲು ಪರವಾನಗಿ ಬೇಕು. 5ನೇ ಕಲಮಿನ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ತೋಟೆ ತಯಾರಿಸುವ ಹಕ್ಕು ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸವನ್ನು ವಿಧಿಸಬಹುದಾಗಿದೆ. ಭಾನುವಾರದ ಹವ್ಯಾಸಕ್ಕೆ ಇದು ತೆರಬಾರದ ಬೆಲೆ.

ಕಾಯಿದೆ ಎಲ್ಲೆಡೆಯೂ ನಿರ್ದಯವಾಗಿಲ್ಲ. ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಶೋಕೇಸಿನಲ್ಲಿ ನೆನಪಿಗೆಂದು ಇಟ್ಟ ಒಂದು ಖಾಲಿ ಹಿತ್ತಾಳೆ ಕವಚ ಬೇರೆ. ಕೇಪು, ಮದ್ದು, ಚರೆ, ಅಳತೆಪಾತ್ರೆಗಳೊಡನೆ ಒಂದೇ ಪೆಟ್ಟಿಗೆಯಲ್ಲಿರುವ ಕವಚಗಳು ಬೇರೆ. ಎರಡನೆಯದು ತಯಾರಿಕೆಯ ಸಲಕರಣೆಯಂತೆಯೇ ಕಾಣುತ್ತದೆ. ಹಾಗೆಯೇ, ವಸ್ತು ತನ್ನಲ್ಲಿದೆಯೆಂಬ ಅರಿವು ಇದ್ದರೆ ಮಾತ್ರ ಅದು ಅಪರಾಧದ ಅರ್ಥದಲ್ಲಿ ‘ಹೊಂದಿರುವುದು’ ಎಂದು ಸರ್ವೋಚ್ಚ ನ್ಯಾಯಾಲಯವು 1972ರ ಗುಣವಂತಲಾಲ್ ಪ್ರಕರಣದಲ್ಲಿ ವಿವರಿಸಿದೆ. ಆದರೆ ಪೆಟ್ಟಿಗೆಯಲ್ಲಿ ಏನಿದೆಯೆಂದು ಒಮ್ಮೆ ತಿಳಿದ ಮೇಲೆ ಆ ವಾದ ನಮಗೆ ದೊರೆಯದು.

ಅಪಾಯ ಎಲ್ಲಿದೆ?

ಹಳೆಯ ಹಿತ್ತಾಳೆ ತೋಟೆಗಳನ್ನು ಕರಿಮದ್ದಿಗೆಂದು ಅಳೆದು ತುಂಬುತ್ತಿದ್ದರು. ಹೊಗೆರಹಿತ ಮದ್ದು ಇದಕ್ಕಿಂತ ಬಹಳ ಶಕ್ತಿಯುಳ್ಳದ್ದು. ಅಜ್ಜನ ಅಳತೆಪಾತ್ರೆಯಿಂದ ಈ ಮದ್ದನ್ನು ತುಂಬಿದರೆ ನಳಿಗೆ ಸಿಡಿದು ಕೈಬೆರಳು, ಕಣ್ಣು ಹೋಗುತ್ತವೆ. ತಿರುಚಿ ಬೆಸೆದ ಡಮಾಸ್ಕಸ್ ನಳಿಗೆಯ ಹಳೆಯ ಕೋವಿಗಳಂತೂ ಅಂಗಡಿಯ ಹೊಸ ತೋಟೆಯ ಒತ್ತಡವನ್ನೂ ತಾಳಲಾರವು. ಮದ್ದು ಕಡಿಮೆಯಾದರೂ ಕೇಡೇ: ಬಿಲ್ಲೆ ನಳಿಗೆಯಲ್ಲೇ ಸಿಕ್ಕಿಬಿದ್ದು, ಮುಂದಿನ ಈಡಿಗೆ ನಳಿಗೆ ಒಡೆಯುತ್ತದೆ. ಪುರಾತನ ಕೇಪುಗಳಲ್ಲಿ ಪಾದರಸದ ಸಂಯುಕ್ತವಿರಬಹುದು. ಅವು ಪೆಟ್ಟಿಗೆ, ಉಜ್ಜಿದರೆ ಸಿಡಿಯಬಲ್ಲವು. ಸೀಸದ ಧೂಳು ಮಕ್ಕಳಿರುವ ಮನೆಗೆ ವಿಷ.

ಪೆಟ್ಟಿಗೆ ಸಿಕ್ಕಾಗ ಏನು ಮಾಡಬೇಕು?

ಮೊದಲನೆಯದಾಗಿ, ಅದನ್ನು ಮುಂಬಯಿಗೆ ತರಬಾರದು. ರೈಲಿನಲ್ಲಿ ಸ್ಫೋಟಕ ಒಯ್ಯುವುದು ಅಪರಾಧ. ವಿಮಾನ ನಿಲ್ದಾಣದಲ್ಲಿ ಒಂದೇ ತೋಟೆ ಸಿಕ್ಕರೂ ಪ್ರಯಾಣ ಅಲ್ಲಿಗೆ ನಿಲ್ಲುತ್ತದೆ. ಎರಡನೆಯದಾಗಿ, ಅದನ್ನು ಸುಡುವುದು, ಹೂಳುವುದು, ಬಾವಿಗೆ ಹಾಕುವುದು, ಗುಜರಿಯವನಿಗೆ ಕೊಡುವುದು ಯಾವುದೂ ಸಲ್ಲದು. ನಾವು ಬ್ಯಾಂಕಿನವರಾದುದರಿಂದ ಇನ್ನೊಂದು ಮಾತನ್ನೂ ಹೇಳಬೇಕು: ಲಾಕರು ಇಂತಹ ವಸ್ತುಗಳಿಗಲ್ಲ. ಕಾನೂನುಬಾಹಿರ ಅಥವಾ ಅಪಾಯಕಾರಿ ವಸ್ತುವನ್ನು ಲಾಕರಿನಲ್ಲಿ ಇಡಕೂಡದೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸುವಂತೆ ರಿಸರ್ವ್ ಬ್ಯಾಂಕು 2021ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ.

ಸರಿಯಾದ ದಾರಿ ಕಾಯಿದೆಯ 21ನೇ ಕಲಮಿನಲ್ಲಿದೆ. ಪರವಾನಗಿದಾರರು ತೀರಿಕೊಂಡುದರಿಂದಲೋ ಅವಧಿ ಮುಗಿದುದರಿಂದಲೋ ಹೊಂದುವ ಹಕ್ಕು ಇಲ್ಲವಾದಾಗ, ತಡಮಾಡದೆ ಕೋವಿ ಮತ್ತು ಮದ್ದುಗುಂಡನ್ನು ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಪರವಾನಗಿಯುಳ್ಳ ವ್ಯಾಪಾರಿಗೆ ಒಪ್ಪಿಸಬೇಕು. ಪೆಟ್ಟಿಗೆಯನ್ನು ಅಲುಗಿಸದೆ ಊರಿನ ಠಾಣೆಗೆ ಮೊದಲು ತಿಳಿಸಿ, ಒಪ್ಪಿಸಿದ ವಸ್ತುಗಳ ಪಟ್ಟಿಗೆ ರಸೀದಿ ಪಡೆಯುವುದು ಕ್ಷೇಮ. ಕೋವಿಯನ್ನು ಮನೆತನದಲ್ಲೇ ಉಳಿಸಿಕೊಳ್ಳಬೇಕೆಂದಿದ್ದರೆ, 2016ರ ಶಸ್ತ್ರಾಸ್ತ್ರ ನಿಯಮಗಳಂತೆ ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿ ಕೋರಬಹುದು. ಹಿರಿಯರು ಜೀವಂತರಿರುವಾಗಲೂ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದರೆ, ವರ್ಗಾವಣೆಗೆ ಅವಕಾಶವಿದೆ. ಮುಂಬಯಿಯಲ್ಲಿ ವಾಸಿಸುವವರಿಗೆ ಪೊಲೀಸ್ ಆಯುಕ್ತರೇ ಪರವಾನಗಿ ಪ್ರಾಧಿಕಾರಿ.

ಗುರಿಕ್ರೀಡೆಯ ಆಸಕ್ತರಿಗೆ

ಗುರಿಯ ಹಂಬಲಕ್ಕೆ ನಗರದಲ್ಲಿ ನೇರವಾದ ದಾರಿಗಳಿವೆ. ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ಅಭ್ಯಾಸ ಕೇಂದ್ರವಿದೆ. ದಾದರಿನ ಸಾವರ್ಕರ್ ಸ್ಮಾರಕದಲ್ಲೂ ರೈಫಲ್ ತರಬೇತಿ ನಡೆಯುತ್ತದೆ. ಏರ್ ರೈಫಲಿಗೆ ಮದ್ದೂ ಬೇಡ, ತೋಟೆಯೂ ಬೇಡ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಅಂತಿಮ ಸುತ್ತು ತಲುಪಿದ ಮುಂಬಯಿಯ ಅಂಜಲಿ ಭಾಗವತ್, 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, ಇಬ್ಬರೂ ಏರ್ ರೈಫಲಿನವರೇ. ಹಾರುವ ಬಿಲ್ಲೆಗಳ ಸ್ಪರ್ಧೆಯಲ್ಲಿ 2004ರಲ್ಲಿ ಅಥೆನ್ಸಿನಲ್ಲಿ ಬೆಳ್ಳಿ ಗೆದ್ದವರು ರಾಜ್ಯವರ್ಧನ್ ಸಿಂಗ್ ರಾಠೋಡ್. ಆ ದಾರಿ ಹಿಡಿಯುವವರು ಕ್ರೀಡಾ ಸಂಸ್ಥೆಯ ಸದಸ್ಯತ್ವದ ಮೂಲಕ ತೋಟೆ ಪಡೆಯಬಹುದು. ನುರಿತ ಕ್ರೀಡಾಪಟುಗಳಿಗೆ ದೊರೆಯುವ ತೋಟೆಗಳ ಮಿತಿಯನ್ನು ಕೇಂದ್ರ ಸರಕಾರವು 2020ರಲ್ಲಿ ಹೆಚ್ಚಿಸಿದೆ.

ಹಿರಿಯರು ಹೊಲ ಕಾಯಲು ಕಲಿತ ಕೈಕೆಲಸ ಅವರ ಕಾಲಕ್ಕೆ ಸಂದಿತ್ತು. ಅದರ ನೆನಪನ್ನು ಬರೆದಿಡೋಣ, ಮಕ್ಕಳಿಗೆ ಹೇಳೋಣ. ಅಟ್ಟದ ಪೆಟ್ಟಿಗೆಯನ್ನು ಮಾತ್ರ ಈ ರಜೆಯಲ್ಲಿ ಊರಿಗೆ ಹೋದಾಗಲೇ ಠಾಣೆಗೆ ತಿಳಿಸಿ, ರಸೀದಿ ಪಡೆದು ಬರುವುದು ಲೇಸು.