ಕನಸಿನ ಊರಿನಲ್ಲಿ ಪಾತ್ರೆ ತೊಳೆಯುವವರು ಯಾರು?

ಆದರ್ಶ ಸಮಾಜವನ್ನು ಕಲ್ಪಿಸಿದ ಕೃತಿಗಳನ್ನು ನಾವು ಆಸ್ತಿ, ಆಡಳಿತ, ಧರ್ಮದ ಕಡೆಯಿಂದ ಓದುವುದೇ ಹೆಚ್ಚು. ಅಡುಗೆಮನೆ ಮತ್ತು ಚರಂಡಿಯ ಕಡೆಯಿಂದ ಓದಿದರೆ ಐನೂರು ವರ್ಷಗಳ ಈ ಪರಂಪರೆ ಎಷ್ಟು ಬೆಳೆದಿದೆ, ಎಲ್ಲಿ ನಿಂತುಬಿಟ್ಟಿದೆ ಎಂಬುದು ಇನ್ನೂ ನಿಚ್ಚಳವಾಗುತ್ತದೆ ಎಂದು ನನಗನ್ನಿಸುತ್ತದೆ. ಥಾಮಸ್ ಮೋರ್ 1516ರಲ್ಲಿ ಪ್ರಕಟಿಸಿದ ‘ಯುಟೋಪಿಯಾ’ದಲ್ಲಿ 54 ನಗರಗಳು. ದಿನಕ್ಕೆ ಆರೇ ಗಂಟೆ ದುಡಿಮೆ. ಹತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಾಯಿಸುತ್ತಾರೆ. ಮೂವತ್ತು ಕುಟುಂಬಗಳಿಗೆ ಒಂದು ಭೋಜನಶಾಲೆ. ಆ ಪಂಕ್ತಿಯ ಹಿಂಬದಿಗೆ ಹೋದರೆ, ಅಡುಗೆ ಸರದಿಯಂತೆ ಹೆಂಗಸರದು. ಗಲೀಜಿನ, ಮೈಮುರಿಯುವ ಕೆಲಸ ಗುಲಾಮರದು. ಪ್ರಾಣಿ ಕಡಿಯುವುದೂ ಅವರೇ, ಅದೂ ಊರಾಚೆ. ನಾಗರಿಕರ ಮನಸ್ಸಿನ ಕರುಣೆ ಬತ್ತಬಾರದೆಂಬುದು ಕಾರಣ. ‘ಊರಾಚೆ’ ಎಂಬ ಮಾತಿನ ಭಾರ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹೆಚ್ಚುಕಡಿಮೆ ಅದೇ ಕಾಲಮಾನದಲ್ಲಿ ಕಾಶಿಯಲ್ಲಿ ಚರ್ಮದ ಕೆಲಸ ಮಾಡುತ್ತಿದ್ದ ರವಿದಾಸರು ದುಃಖವಿಲ್ಲದ ‘ಬೇಗಂಪುರ’ವನ್ನು ಹಾಡಿದರು. ಅಲ್ಲಿ ಕಂದಾಯವಿಲ್ಲ, ಮೇಲುಕೀಳಿಲ್ಲ, ಮನಸ್ಸು ಬಂದ ಕಡೆ ಓಡಾಡಲು ತಡೆಯಿಲ್ಲ. ಊರಾಚೆಯಿಂದ ನೋಡಿದವರ ಕನಸು ಮೊದಲು ಅಳಿಸುವುದು ಆ ಗಡಿಯನ್ನೇ.

ಇವೆಲ್ಲ ಕಥೆಗಳು, ಊರು ಕಟ್ಟುವ ನಕ್ಷೆಗಳಲ್ಲ. ಅಡುಗೆಮನೆಯ ಲೆಕ್ಕ ಕೇಳುವುದು ಸಾಹಿತ್ಯಕ್ಕೆ ಅನ್ಯಾಯ ಎಂಬ ಆಕ್ಷೇಪವಿದೆ. ಆದರೆ ಗಂಟೆ, ಸರದಿ, ಊಟದ ಸಾಲುಗಳನ್ನು ಬಿಡಿಬಿಡಿಯಾಗಿ ಬರೆದವರು ಈ ಲೇಖಕರೇ. ಅವರಿಟ್ಟ ಲೆಕ್ಕವನ್ನು ಓದುವುದು ಅವರನ್ನು ಗೌರವಿಸುವ ರೀತಿಯೇ ಸರಿ. 1888ರ ‘ಲುಕಿಂಗ್ ಬ್ಯಾಕ್‌ವರ್ಡ್’ನಲ್ಲಿ ಎಡ್ವರ್ಡ್ ಬೆಲಮಿ ಈ ಲೆಕ್ಕವನ್ನು ನೇರವಾಗಿ ಕೈಗೆತ್ತಿಕೊಂಡ. ಅವನ 2000ನೇ ಇಸವಿಯ ಬಾಸ್ಟನ್‌ನಲ್ಲಿ 21ರಿಂದ 45 ವರ್ಷದವರೆಗೆ ಎಲ್ಲರೂ ದುಡಿಮೆಯ ಸೈನ್ಯಕ್ಕೆ ಸೇರಿದವರು. ಕೆಲಸ ಕಷ್ಟವಾದಷ್ಟೂ ಗಂಟೆ ಕಡಿಮೆ. ಊಟ ಬಡಿಸಿದ ಹುಡುಗನನ್ನು ಕಂಡು ಅಚ್ಚರಿಪಟ್ಟ ಅತಿಥಿಗೆ ಆತಿಥೇಯ ಡಾಕ್ಟರ್ ಲೀಟ್, ನಲವತ್ತು ವರ್ಷಗಳ ಹಿಂದೆ ಇದೇ ಭೋಜನಶಾಲೆಯಲ್ಲಿ ತಾನೂ ಬಡಿಸಿದ್ದೆ ಎನ್ನುತ್ತಾನೆ. ಮೋರ್‌ನಿಂದ ಇಲ್ಲಿಗೆ ಬಹಳ ದೂರ. ಎರಡೇ ವರ್ಷದಲ್ಲಿ ವಿಲಿಯಂ ಮಾರಿಸ್ ಆ ಸೈನ್ಯದ ಶಿಸ್ತನ್ನು ಒಪ್ಪದೆ, ದುಡಿಮೆಯೇ ಸಂತೋಷವಾಗುವ ಇಂಗ್ಲೆಂಡನ್ನು ಬರೆದ. ಆದರೂ ಅವನ ಅತಿಥಿಗೃಹದಲ್ಲಿ ಬಡಿಸುವವರು ಹೆಂಗಸರೇ, ಅದಕ್ಕೊಂದು ಸಮರ್ಥನೆಯೂ ಇದೆ. ಅಷ್ಟು ದೊಡ್ಡ ಮನಸ್ಸಿನವನಿಗೂ ಅದು ಕಾಣಲಿಲ್ಲ.

ಕಂಡದ್ದು ಬಂಗಾಳದ ರೊಕೆಯಾ ಸಖಾವತ್ ಹುಸೇನರಿಗೆ. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ ಬಂದ ಅವರ ‘ಸುಲ್ತಾನಾಸ್ ಡ್ರೀಮ್’ ಕೆಲವೇ ಪುಟಗಳ ಕಥೆ. ಅದರ ನಡುವಿನ ಅಡುಗೆಮನೆಯನ್ನು ನಿಂತು ನೋಡಬೇಕು: ಇದ್ದಿಲಿಲ್ಲ, ಹೊಗೆಯಿಲ್ಲ, ಹೊಗೆಗೂಡೂ ಇಲ್ಲ, ಸೂರ್ಯನ ಶಾಖ ಕೊಳವೆಯಲ್ಲಿ ಹರಿದು ಬಂದು ಬೇಯಿಸುತ್ತದೆ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಒಲೆ ಊದುವ ಹೆಂಗಸರನ್ನು ಬಲ್ಲವರಿಗಷ್ಟೇ ಹೊಳೆಯಬಹುದಾದ ಸ್ವರ್ಗವಿದು. ಯಂತ್ರ ಬಂದರೆ ಯಾರು ಮಾಡಬೇಕೆಂಬ ಪ್ರಶ್ನೆಯೇ ಇರುವುದಿಲ್ಲ ಎನ್ನುವವರಿಗೂ ರೊಕೆಯಾ ಕಥೆಯಲ್ಲೇ ಉತ್ತರವಿದೆ: ಬಿಸಿಲಿನ ಒಲೆ ಬಂದ ಮೇಲೂ ಅಡುಗೆ ಮಾಡಲು, ಮಗು ನೋಡಿಕೊಳ್ಳಲು ಆಳು ಬೇಕು, ಆ ಪಾಲು ‘ಮರ್ದಾನಾ’ದೊಳಗೆ ಕೂಡಿಟ್ಟ ಗಂಡಸರದು. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಾಗಲೂ ಪ್ರಶ್ನೆ ಬರೀ ಸಲಕರಣೆಯದಾಗಿರಲಿಲ್ಲ, ಆ ಕೆಲಸ ಯಾವ ಜಾತಿಯದೆಂದು ಮೊದಲೇ ತೀರ್ಮಾನವಾಗಿತ್ತು.

ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1948ರ ‘ವಾಲ್ಡನ್ ಟು’ನಲ್ಲಿ ಕೆಲಸಗಳಿಗೆ ಅಂಕ ಕಟ್ಟಿದ. ದಿನಕ್ಕೆ ನಾಲ್ಕು ಅಂಕ ಗಳಿಸಿದರೆ ಸಾಕು. ಯಾರೂ ಬಯಸದ ಚರಂಡಿ ಕೆಲಸಕ್ಕೆ ಗಂಟೆಗೆ ಹೆಚ್ಚು ಅಂಕ. ಅಲ್ಲಿನ ಊಟದ ತಟ್ಟೆಗಳು ಪಾರದರ್ಶಕ, ತೊಳೆಯುವವರು ಮಗುಚದೆಯೇ ಎರಡೂ ಬದಿ ನೋಡಬಹುದು. ತೊಳೆಯುವ ಕೈಯ ಒಂದು ತಿರುವನ್ನು ಉಳಿಸಲು ಲೇಖಕನೊಬ್ಬ ಇಷ್ಟು ಯೋಚಿಸಿದ್ದು ನನಗೆ ಪ್ರಿಯವಾದ ಸಂಗತಿ. ಇದರಿಂದ ಪ್ರೇರಿತರಾದವರು 1967ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ‘ಟ್ವಿನ್ ಓಕ್ಸ್’ ಕಟ್ಟಿದರು. ಕೆಲಸಕ್ಕೊಂದು ಬೆಲೆ ಕಟ್ಟುವುದನ್ನು ಅವರು ಮುಂದೆ ಬಿಟ್ಟರು. ಯಾವ ಕೆಲಸವಾದರೂ ಗಂಟೆಗೆ ಒಂದೇ ಅಂಕ, ಅಡುಗೆಯೂ ಮಗುವಿನ ಆರೈಕೆಯೂ ಲೆಕ್ಕದೊಳಗೇ.

ಆದರೆ ಅಂಕ, ಸರದಿಗಳಿಂದ ಪ್ರಶ್ನೆ ತೀರಿತೆಂದು ಅರ್ಸುಲಾ ಲೆ ಗ್ವಿನ್ ನಂಬಲಿಲ್ಲ. 1974ರ ‘ದಿ ಡಿಸ್‌ಪೊಸೆಸ್ಡ್’ ಕಾದಂಬರಿಯ ಅನಾರೆಸ್ ಎಂಬ ಲೋಕದಲ್ಲಿ ಹತ್ತು ದಿನಕ್ಕೊಂದು ದಿನ ಸಮುದಾಯದ ಕೆಲಸ, ಭೌತವಿಜ್ಞಾನಿ ಶೆವೆಕ್ ಕೂಡ ಧೂಳಿನ ಬಯಲಿನಲ್ಲಿ ಗಿಡ ನೆಡಲು ಹೋಗುತ್ತಾನೆ. ಕಸದ ಕೆಲಸ ಅಲ್ಲಿ ಯಾರನ್ನೂ ಕೀಳಾಗಿಸುವುದಿಲ್ಲ. ಬರ ಬಂದಾಗ ಮಾತ್ರ ಬೇರೊಂದು ಹೊಲಸು ಕೆಲಸ ಹುಟ್ಟುತ್ತದೆ: ಯಾರ ಊಟ ಎಷ್ಟು ಕಡಿತವಾಗಬೇಕೆಂದು ಪಟ್ಟಿ ಬರೆಯುವುದು. ಪಟ್ಟಿ ಬರೆಯುತ್ತಿದ್ದ ಶೆವೆಕ್‌ಗೆ ಪೂರ್ತಿ ಊಟ ಸಿಗುತ್ತಿತ್ತು. ಅವನು ಆ ಕೆಲಸ ಬಿಟ್ಟು ಹೊರಟ.