ಶಾಲೆಗೆ ಬಂದ ಗಣಕ: ‘ಕ್ಲಾಸ್’ ಯೋಜನೆಯ ಪರಿಶೀಲನೆ

ಭಾರತದ ಶಾಲೆಗಳಲ್ಲಿ ಗಣಕಶಿಕ್ಷಣವನ್ನು ರಾಷ್ಟ್ರಮಟ್ಟದಲ್ಲಿ ಯೋಜಿತವಾಗಿ ಆರಂಭಿಸಿದ ಕೀರ್ತಿ 1984ರ ‘ಕ್ಲಾಸ್’ ಯೋಜನೆಗೆ ಸಲ್ಲುತ್ತದೆ. ಇದಕ್ಕಾಗಿ ಆರಿಸಲಾದ ಯಂತ್ರ ಬ್ರಿಟನ್ನಿನದು. ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದ ಬಿಬಿಸಿ ಮೈಕ್ರೋ. ಅದರ ಬಿ ಮಾದರಿಯ ಸ್ಮೃತಿಸಾಮರ್ಥ್ಯ ಕೇವಲ 32 ಕಿಲೋಬೈಟ್. ಮನೆಯ ಟಿ.ವಿ.ಯನ್ನೇ ಅದಕ್ಕೆ ತೆರೆಯಾಗಿ ಜೋಡಿಸಬಹುದಾಗಿತ್ತು.

ತನ್ನ ನಾಡಿನಲ್ಲಿ ಈ ಯಂತ್ರ ಒಂಟಿಯಾಗಿ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ ಎಂಬುದು ಗಮನಾರ್ಹ. 1980ರಿಂದ 1986ರವರೆಗೆ ಅಲ್ಲಿನ ಸರ್ಕಾರ ನಡೆಸಿದ ಪ್ರತ್ಯೇಕ ಕಾರ್ಯಕ್ರಮವೊಂದು ಶಿಕ್ಷಕರ ತರಬೇತಿಗೂ ಪಾಠೋಪಯೋಗಿ ತಂತ್ರಾಂಶಕ್ಕೂ ಮೀಸಲಾಗಿತ್ತು. 1982ರಲ್ಲಿ ಬಿಬಿಸಿಯು ಗಣಕವನ್ನು ಜನಸಾಮಾನ್ಯರಿಗೆ ಪರಿಚಯಿಸುವ ದೂರದರ್ಶನ ಸರಣಿಯನ್ನೂ ಪ್ರಸಾರ ಮಾಡಿತು. ಭಾರತಕ್ಕೆ ಬಂದದ್ದು ಯಂತ್ರ, ಅದರೊಡನೆ ಇಂಗ್ಲಿಷಿನ ತಂತ್ರಾಂಶ. ಸಂಪನ್ಮೂಲ ಕೇಂದ್ರಗಳಲ್ಲಿ ಶಿಕ್ಷಕರಿಗೆ ದೊರೆತ ತರಬೇತಿಯಾದರೋ ಅಲ್ಪಾವಧಿಯದು. ಭಾರತೀಯ ಲಿಪಿಗಳ ಸಂಕೇತವ್ಯವಸ್ಥೆಯಾದ ‘ಇಸ್ಕಿ’ ರಾಷ್ಟ್ರೀಯ ಮಾನಕವಾದದ್ದು 1991ರಲ್ಲಿ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡ ಸ್ಥಾನ ಪಡೆದದ್ದೂ ಅದೇ ವರ್ಷ. ಅಲ್ಲಿಯವರೆಗೆ ಕನ್ನಡ ಮಾಧ್ಯಮದ ಮಗುವಿಗೆ ಗಣಕವೆಂದರೆ ಇನ್ನೊಂದು ಇಂಗ್ಲಿಷ್ ಪಾಠವೇ ಆಗಿದ್ದರೆ ಆಶ್ಚರ್ಯವಿಲ್ಲ. ಯಂತ್ರದ ಬಗ್ಗೆ ಕಲಿಯುವುದು ಬೇರೆ, ಯಂತ್ರದ ಮೂಲಕ ಗಣಿತವನ್ನೋ ವಿಜ್ಞಾನವನ್ನೋ ಕಲಿಯುವುದು ಬೇರೆ. ಹೆಚ್ಚಿನ ಶಾಲೆಗಳು ಮೊದಲನೆಯದರಲ್ಲೇ ನಿಂತವು.

ವಿಪರ್ಯಾಸವೆಂದರೆ, ಇದಕ್ಕಿಂತ ಒಂದು ದಶಕ ಮೊದಲೇ ಈ ನೆಲದಲ್ಲಿ ಭಿನ್ನವಾದ ಮೇಲ್ಪಂಕ್ತಿಯೊಂದು ಇತ್ತು. ಅದು ಗಣಕದ್ದಲ್ಲ, ಉಪಗ್ರಹದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯ ಮಕ್ಕಳು ಬೆಳಗಿನ ಹೊತ್ತು ತಮ್ಮ ಶಾಲೆಯಲ್ಲೇ ಕನ್ನಡ ಕಾರ್ಯಕ್ರಮಗಳನ್ನು ನೋಡಿದರು. ಪ್ರಾಥಮಿಕ ಶಿಕ್ಷಕರ ವಿಜ್ಞಾನ ತರಬೇತಿಗೂ ಅದೇ ಉಪಗ್ರಹ ಬಳಕೆಯಾಯಿತು. ಅಲ್ಲಿ ಭಾಷೆ ಮತ್ತು ಶಿಕ್ಷಕರ ಪ್ರಶ್ನೆ ಯಂತ್ರಕ್ಕಿಂತ ಮುಂಚೆಯೇ ಬಂದಿತ್ತು. ಆದರೆ ಉಪಗ್ರಹ ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದದ್ದು. ಅವಧಿ ಮುಗಿದೊಡನೆ ಆ ಪಾಠಗಳೂ ನಿಂತವು.

ಶಿಕ್ಷಣಕ್ಕೆಂದೇ ಭಾರತ ರೂಪಿಸಿದ ಎಜುಸ್ಯಾಟ್ ಉಡಾವಣೆಯಾದದ್ದು 2004ರ ಸೆಪ್ಟೆಂಬರ್ 20ರಂದು. ಗಡಿಜಿಲ್ಲೆಯಾದ ಚಾಮರಾಜನಗರದ ಪ್ರಾಥಮಿಕ ಶಾಲೆಗಳು ಅದರ ಆರಂಭಿಕ ಪ್ರಯೋಗಗಳಲ್ಲಿ ಸೇರಿದ್ದವು. ಆ ಉಪಗ್ರಹದ ಸೇವೆ 2010ರಲ್ಲಿ ಕೊನೆಗೊಂಡಿತು.