127 ಹಲ್ಲಿನ ಚಕ್ರ: ಇಂಚಿನ ಲೇತು ಮಿಲಿಮೀಟರ್ ಕಲಿತ ಕಥೆ

ಭಾಗ 1/6

ಮೊದಲನೇ ಫೋಟೋದಲ್ಲಿ ಇರೋದು ಒಂದು ಗೇರು. ಊಟದ ತಟ್ಟೆಯಷ್ಟು ಅಗಲ, ಮೈತುಂಬ ಗ್ರೀಸು. ಕೊಳ್ಳೇಗಾಲದ ಒಂದು ಲೇತ್ ವರ್ಕ್‌ಶಾಪಿನ ಗೋಡೆಗೆ ನೇತು ಹಾಕಿದ್ರು. ಸ್ವೈಪ್ ಮಾಡೋ ಮುಂಚೆ ಊಹೆ ಮಾಡಿ, ಇದರಲ್ಲಿ ಎಷ್ಟು ಹಲ್ಲು ಇರಬಹುದು? 100? 120?

ನಾನು ಎರಡು ಸಲ ಎಣಿಸಿದೆ. 127.

ನಾನು ಬಿಕಾಂ ಓದೋನು, ಲೇತ್ ಹತ್ರ ನನಗೇನು ಕೆಲಸ ಅಂತೀರಾ? ಹನೂರು ಕಡೆ ಇರೋ ನಮ್ಮ ಚಿಕ್ಕಪ್ಪನ ಪವರ್ ಟಿಲ್ಲರಿನ ಒಂದು ಶಾಫ್ಟ್ ಹಾಳಾಗಿತ್ತು. ಹೊಸದಾಗಿ ಒಂದು ತುಂಡು ಕಡೆದು, ತುದಿಗೆ ಥ್ರೆಡ್ ಹಾಕಿಸಬೇಕಿತ್ತು. 20 ಎಂ.ಎಂ. ದಪ್ಪ, 1.5 ಎಂ.ಎಂ. ಪಿಚ್. ಅಂದ್ರೆ ನಟ್ಟು ಒಂದು ಸುತ್ತು ತಿರುಗಿದ್ರೆ ಸರಿಯಾಗಿ ಒಂದೂವರೆ ಮಿಲಿಮೀಟರ್ ಮುಂದೆ ಹೋಗಬೇಕು.

ಮೊದಲು ಬೇರೆ ಒಂದು ಕಡೆ ಮಾಡಿಸಿದ್ವಿ. ಅವರು "ಹತ್ರಹತ್ರ ಬರುತ್ತೆ ಬಿಡಿ" ಅಂತ ಒಂದು ಇಂಚಿಗೆ 16 ಸುತ್ತು ಬರೋ ಥ್ರೆಡ್ ಹಾಕಿಕೊಟ್ರು. 25.4 ಅನ್ನು 16ರಿಂದ ಭಾಗಿಸಿ ನೋಡಿ: 1.5875 ಎಂ.ಎಂ. ಒಂದು ಸುತ್ತಿಗೆ ಕೂದಲೆಳೆಯಷ್ಟು ವ್ಯತ್ಯಾಸ, ಅಷ್ಟೇ. ನಟ್ಟು ಮೊದಲ ಸುತ್ತು ಹೋಯ್ತು, ಎರಡನೇದೂ ಹೋಯ್ತು. ನಾಲ್ಕನೇ ಸುತ್ತಿಗೆ ಕಚ್ಚಿಕೊಳ್ತು. ಚಿಕ್ಕಪ್ಪ ಸ್ಪ್ಯಾನರ್‌ಗೆ ಪೈಪು ಹಾಕಿ ಬಲವಾಗಿ ತಿರುಗಿಸಿದ್ರು. ನಟ್ಟಿನ ಥ್ರೆಡ್ಡೂ ಕಿತ್ತು ಬಂತು. ಮಳೆ ಬಿದ್ದು ಹೊಲ ಹದವಾಗಿದ್ದ ವಾರ ಅದು. ಟಿಲ್ಲರ್ ಮಾತ್ರ ಚಪ್ಪರದ ಕೆಳಗೆ ನಿಂತಿತ್ತು.

ಎರಡನೇ ವರ್ಕ್‌ಶಾಪಿನ ಟರ್ನರ್ ಅಣ್ಣ ಶಾಫ್ಟ್ ನೋಡಿ ಹೇಳಿದ್ದು ಇಷ್ಟು: "ಇದು ಇಂಚಿನ ಮಿಷಿನ್ ಕಣಪ್ಪ. ಆ ದೊಡ್ಡ ಚಕ್ರ ಇಳಿಸು."

ಆ ದೊಡ್ಡ ಚಕ್ರದ ಹಿಂದೆ ಇನ್ನೂರು ವರ್ಷದ ಇತಿಹಾಸ ಇದೆ. ಬನ್ನಿ, ಹೇಳ್ತೀನಿ.

ಭಾಗ 2/6

ಮೊದಲು ಲೇತ್ ಹೇಗೆ ಥ್ರೆಡ್ ಹಾಕುತ್ತೆ ಅಂತ ತಿಳ್ಕೊಳ್ಳೋಣ. ಇದು ಗೊತ್ತಾದ್ರೆ ಮಿಕ್ಕಿದ್ದೆಲ್ಲ ಸುಲಭ.

ಕಬ್ಬಿಣದ ಸಲಾಕೆ ಚಕ್‌ನಲ್ಲಿ ಕೂತು ಗಿರಗಿರ ತಿರುಗುತ್ತೆ. ಮುಂದೆ ಟೂಲ್ ಇರುತ್ತೆ. ಟೂಲ್ ಅಲ್ಲೇ ನಿಂತ್ರೆ ಸಲಾಕೆ ಮೇಲೆ ಬಳೆ ತರ ಒಂದು ಗೆರೆ ಬೀಳುತ್ತೆ. ಟೂಲ್ ಪಕ್ಕಕ್ಕೆ ಒಂದೇ ವೇಗದಲ್ಲಿ ಜರುಗಿದ್ರೆ ಆ ಗೆರೆ ಬಳ್ಳಿ ಥರ ಸುತ್ತಿಕೊಂಡು ಹೋಗುತ್ತೆ. ಅದೇ ಥ್ರೆಡ್. ಟೂಲನ್ನು ಜರುಗಿಸೋದು ಲೇತಿನ ಉದ್ದಕ್ಕೂ ಇರೋ ಒಂದು ದೊಡ್ಡ ತಿರುಪು, ಅದರ ಹೆಸರು ಲೀಡ್ ಸ್ಕ್ರೂ. ಚಕ್‌ಗೂ ಲೀಡ್ ಸ್ಕ್ರೂಗೂ ನಡುವೆ ಗೇರುಗಳು. ಗೇರು ಬದಲಾಯಿಸಿದ್ರೆ ಥ್ರೆಡ್‌ನ ಅಂತರ ಬದಲಾಗುತ್ತೆ.

ಈ ಏರ್ಪಾಡನ್ನು ಕಬ್ಬಿಣದ ಕೆಲಸಕ್ಕೆ ಗಟ್ಟಿಯಾಗಿ ನಿಲ್ಲಿಸಿದವನು ಲಂಡನ್ನಿನ ಹೆನ್ರಿ ಮಾಡ್‌ಸ್ಲೇ, ಸುಮಾರು 1800ರ ಹೊತ್ತಿಗೆ. ಅವನ ಕೈಕೆಳಗೆ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇನ್ನೊಂದು ದೊಡ್ಡ ಕೆಲಸ ಮಾಡಿದ. ಅಲ್ಲಿವರೆಗೆ ಒಂದೊಂದು ಕಾರ್ಖಾನೆಯ ಬೋಲ್ಟು ಒಂದೊಂದು ಥರ. ವಿಟ್‌ವರ್ತ್ ಪಟ್ಟಿ ಮಾಡಿದ: ಇಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟು ಸುತ್ತು, ಥ್ರೆಡ್‌ನ ಕೋನ 55 ಡಿಗ್ರಿ.

ರೈಲು, ಪಂಪು, ಮಿಲ್ಲುಗಳ ಜೊತೆ ಬ್ರಿಟಿಷರ ಇಂಚು ನಮ್ಮ ದೇಶಕ್ಕೂ ಬಂತು. ನಮ್ಮಲ್ಲಿ ಈಗಲೂ ಅನೇಕ ಲೇತುಗಳ ಲೀಡ್ ಸ್ಕ್ರೂ ಇಂಚಿಂದೇ. ಒಂದು ಇಂಚಿಗೆ 4 ಸುತ್ತು ಇರೋದು ತುಂಬ ಸಾಮಾನ್ಯ. ಫೋಟೋದಲ್ಲಿರೋದೂ ಅದೇ ಜಾತಿ.

ಭಾಗ 3/6

ಆ ಕಡೆ ಫ್ರಾನ್ಸಿನಲ್ಲಿ 1790ರ ದಶಕದ ಕ್ರಾಂತಿಯ ಕಾಲಕ್ಕೇ ಮೀಟರ್ ಹುಟ್ಟಿತ್ತು. 1898ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಯುರೋಪಿನ ಎಂಜಿನಿಯರುಗಳು ಸೇರಿ ಮಿಲಿಮೀಟರ್ ಥ್ರೆಡ್‌ಗೆ ಒಂದು ಪದ್ಧತಿ ಒಪ್ಪಿಕೊಂಡ್ರು. ಕೋನ 60 ಡಿಗ್ರಿ. ಅಂದ್ರೆ ಪ್ರಪಂಚದಲ್ಲಿ ಬೋಲ್ಟುಗಳಿಗೆ ಎರಡು ಜಾತಿ ಆಯ್ತು.

ಇದು ನಮ್ಮೂರಿಂದ ದೂರದ ಮಾತಲ್ಲ. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯ್ತಲ್ಲ, ಅಲ್ಲಿಗೆ ಟರ್ಬೈನ್ ಬಂದದ್ದು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ, ಜನರೇಟರ್ ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಒಂದು ಮೀಟರಿನ ದೇಶ, ಒಂದು ಇಂಚಿನ ದೇಶ. ಎರಡೂ ನಮ್ಮ ಕಾವೇರಿ ದಡದಲ್ಲಿ ಅಕ್ಕಪಕ್ಕ.

ಈಗ 127ರ ಗುಟ್ಟು. 1 ಇಂಚು ಅಂದ್ರೆ 25.4 ಎಂ.ಎಂ. ಈ .4 ಇದೆಯಲ್ಲ, ಅದೇ ತಲೆನೋವು. ಗೇರಿಗೆ ಅರ್ಧ ಹಲ್ಲು, ಕಾಲು ಹಲ್ಲು ಇರೋಕಾಗಲ್ಲ. ಪೂರ್ಣ ಸಂಖ್ಯೆ ಬೇಕು. 25.4 ಅನ್ನು 5ರಿಂದ ಗುಣಿಸಿ: 127. ಅಂದ್ರೆ 5 ಇಂಚಿಗೆ ಸರಿಯಾಗಿ 127 ಮಿಲಿಮೀಟರ್. ಎರಡೂ ಅಳತೆಗಳು ಪೂರ್ಣ ಸಂಖ್ಯೆಯಲ್ಲಿ ಮೊದಲ ಸಲ ಕೈ ಕುಲುಕೋ ಜಾಗ ಇದು.

127 ಅವಿಭಾಜ್ಯ ಸಂಖ್ಯೆ. ಹೈಸ್ಕೂಲಲ್ಲಿ ಓದಿದ್ದು ನೆನಪಿದೆಯಾ? ಅದನ್ನು ಚಿಕ್ಕ ಸಂಖ್ಯೆಗಳಾಗಿ ಒಡೆಯೋಕೆ ಆಗಲ್ಲ. ಹಾಗಾಗಿ ಎರಡು ಸಣ್ಣ ಗೇರು ಜೋಡಿಸಿ 127 ಮಾಡ್ತೀನಿ ಅಂದ್ರೆ ನಡೆಯಲ್ಲ. ಆ ದೊಡ್ಡ ಚಕ್ರವೇ ಬೇಕು.

ಇಂಚಿಗೆ 4 ಸುತ್ತಿನ ಲೇತಿಗೆ ಲೆಕ್ಕ ತುಂಬ ಸುಲಭ. ಬೇಕಾದ ಪಿಚ್ ಅನ್ನು 20ರಿಂದ ಗುಣಿಸಿ. ಅಷ್ಟು ಹಲ್ಲಿನ ಗೇರು ತಿರುಗಿಸೋ ಕಡೆ, 127 ಲೀಡ್ ಸ್ಕ್ರೂ ಕಡೆ. 1 ಎಂ.ಎಂ.ಗೆ 20, 2 ಎಂ.ಎಂ.ಗೆ 40. ನಮ್ಮ 1.5ಕ್ಕೆ 30. ಪರೀಕ್ಷೆ ಮಾಡಿ: ಲೀಡ್ ಸ್ಕ್ರೂ ಒಂದು ಸುತ್ತಿಗೆ 6.35 ಎಂ.ಎಂ. ಹೋಗುತ್ತೆ. ಅದನ್ನು 30ರಿಂದ ಗುಣಿಸಿ 127ರಿಂದ ಭಾಗಿಸಿ. ಉತ್ತರ 1.5. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ.

ಭಾಗ 4/6

ಈಗ ಲೇತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ನಮ್ಮೂರಿಗೆ ಬರೋಣ. ಅಳತೆ ಬದಲಾಯಿಸೋ ತಲೆನೋವು ವರ್ಕ್‌ಶಾಪಿಗೆ ಮಾತ್ರ ಬಂದದ್ದಲ್ಲ, ನಮ್ಮ ಅಜ್ಜ ಅಜ್ಜಿಯರ ಜೇಬಿಗೂ ಬಂದಿತ್ತು.

1956ರ ಅಕ್ಟೋಬರ್ ಕೊನೇವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರೂ ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ. ಯಳಂದೂರು ಮಾತ್ರ ಮೈಸೂರಿನ ಕಡೆ, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದ ಊರು. ಇವತ್ತು ಬಸ್ಸಲ್ಲಿ ಕೂತು ಒಂದು ರೀಲ್ಸ್ ನೋಡಿ ಮುಗಿಸೋದ್ರೊಳಗೆ ದಾಟಿಬಿಡೋ ಗಡಿ. ಆಗ ಅದು ಎರಡು ಆಡಳಿತದ ನಡುವಿನ ಗಡಿ. ಸೇರು, ಮಣ ಅಂತ ಹೆಸರು ಒಂದೇ ಆದ್ರೂ ಸೀಮೆಯಿಂದ ಸೀಮೆಗೆ ತೂಕ ಬೇರೆ. ಮದರಾಸಿನ ಮಣ 25 ಪೌಂಡು, ಬಂಗಾಳದ ಮಣ 82 ಪೌಂಡಿಗೂ ಜಾಸ್ತಿ!

ಆಮೇಲೆ ಏನಾಯ್ತು ನೋಡಿ. 1956 ನವೆಂಬರ್ 1ಕ್ಕೆ ರಾಜ್ಯ ಬದಲಾಯ್ತು. 1957 ಏಪ್ರಿಲ್ 1ಕ್ಕೆ ದುಡ್ಡು ಬದಲಾಯ್ತು, ನಯಾ ಪೈಸೆ ಬಂತು. 1958 ಅಕ್ಟೋಬರ್ 1ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು. ಎರಡೇ ವರ್ಷದಲ್ಲಿ ಮೂರು ಬದಲಾವಣೆ.

ದುಡ್ಡಿನ ಲೆಕ್ಕ ನಮ್ಮ ಕಾಮರ್ಸ್‌ನೋರಿಗೆ ಬಹಳ ಮುಖ್ಯ, ಗಮನ ಕೊಡಿ. 16 ಆಣೆಗೆ 1 ರೂಪಾಯಿ, ಹೊಸದಾಗಿ 100 ಪೈಸೆಗೆ 1 ರೂಪಾಯಿ. ಹಾಗಾದ್ರೆ 1 ಆಣೆಗೆ 6.25 ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಲ್ಲ! ಹಾಗಾಗಿ ಸರ್ಕಾರದ ಪಟ್ಟಿಯಲ್ಲಿ 1 ಆಣೆಗೆ 6 ಪೈಸೆ, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25.

ನಾಲ್ಕಾಣೆಗೆ ಸರಿಯಾಗಿ 25. ಅದು ದುಡ್ಡಿನ 127. ನಾಲ್ಕಾಣೆಯಂತೆ ನಾಲ್ಕು ಸಲ ಬದಲಾಯಿಸಿದ್ರೆ ಪೂರ್ತಿ 100 ಪೈಸೆ ಸಿಗುತ್ತೆ. ಒಂದೊಂದೇ ಆಣೆಯಂತೆ 16 ಸಲ ಬದಲಾಯಿಸಿದ್ರೆ? 16 ಆರಲೆ 96. ನಾಲ್ಕು ಪೈಸೆ ಹೋಯ್ತು.

ಯಾರದ್ದು ಹೋಯ್ತು? ರೂಪಾಯಿಗಟ್ಟಲೆ ವ್ಯವಹಾರ ಮಾಡೋರದ್ದಲ್ಲ. ಆಣೆಯಂತೆ ಬದುಕೋರದ್ದು.

ಭಾಗ 5/6

ಈಗ ಮತ್ತೆ ವರ್ಕ್‌ಶಾಪಿಗೆ. ಟರ್ನರ್‌ಗಳಿಗೂ ಇದೇ ಪ್ರಶ್ನೆ: ದೇಶ ಮೀಟರಿಗೆ ಹೋಗ್ತಿದೆ, ಲೇತ್ ಇಂಚಿಂದು. ಎಸೆಯೋಕಾಗುತ್ತಾ?

ನಮ್ಮ ರಾಜ್ಯದಲ್ಲೇ ಲೇತ್ ಮಾಡೋ ದೊಡ್ಡ ಕಾರ್ಖಾನೆಗಳಿದ್ವು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ. ನಮ್ಮ ತಾತಂದಿರ ಕೈಗಡಿಯಾರದ ಎಚ್‌ಎಂಟಿಯೇ, ಆದ್ರೆ ಗಡಿಯಾರಕ್ಕಿಂತ ಮುಂಚೆ ಅವರು ಮಾಡಿದ್ದು ಲೇತ್. ಅದಕ್ಕೆ ಕೈಜೋಡಿಸಿದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ, ಅದೂ ಮೀಟರಿನ ದೇಶದ್ದು. ಆದ್ರೆ ಚಿಕ್ಕ ಊರಿನ ಶೆಡ್ಡಿನಲ್ಲಿ ಇರೋ ಲೇತನ್ನು ಒಬ್ಬ ಟರ್ನರ್ ಜೀವಮಾನಕ್ಕೆ ಒಂದೇ ಸಲ ಕೊಳ್ಳೋದು. ಅವನಿಗೆ ಹೊಸ ಮಿಷಿನ್‌ಗಿಂತ ಒಂದು ಹೊಸ ಗೇರು ಅಗ್ಗ. ಐಟಿಐನಲ್ಲಿ ಟರ್ನರ್ ಟ್ರೇಡ್ ಓದೋ ನಿಮ್ಮ ಫ್ರೆಂಡ್ಸ್‌ನ ಕೇಳಿ, "ಐದು ಪಿ ಎನ್ ಬೈ 127" ಅಂತ ಬಾಯಿಪಾಠ ಹೇಳ್ತಾರೆ. ಮೇಲೆ ನಾವು ಮಾಡಿದ ಲೆಕ್ಕವೇ ಅದು. ಪಿ ಅಂದ್ರೆ ಬೇಕಾದ ಪಿಚ್, ಎನ್ ಅಂದ್ರೆ ಲೀಡ್ ಸ್ಕ್ರೂಗೆ ಇಂಚಿಗೆ ಎಷ್ಟು ಸುತ್ತು ಅನ್ನೋದು.

127ರ ಗೇರು ಇಲ್ಲದೋರು ಏನ್ ಮಾಡ್ತಾರೆ? ಅದಕ್ಕೂ ಉಪಾಯ ಇದೆ, 63 ಹಲ್ಲಿನ ಚಿಕ್ಕ ಗೇರು. 30 ಮತ್ತು 63 ಒಂದು ಕಡೆ, 80 ಮತ್ತು 100 ಇನ್ನೊಂದು ಕಡೆ. ಆಗ ಬರೋ ಪಿಚ್ 1.5001875 ಎಂ.ಎಂ. ಎಂಟು ಸಾವಿರಕ್ಕೆ ಒಂದು ಪಾಲು ತಪ್ಪು. ಒಂದು ನಟ್ಟಿಗೆ ಇದು ಲೆಕ್ಕಕ್ಕೇ ಇಲ್ಲ, ಆರಾಮಾಗಿ ಕೂರುತ್ತೆ. ಆದ್ರೆ ಮೀಟರುದ್ದದ, ಅಳತೆಗೆ ಬಳಸೋ ತಿರುಪಿಗೆ ಈ ತಪ್ಪು ಸುತ್ತುಸುತ್ತಿಗೂ ಸೇರ್ತಾ ಹೋಗುತ್ತೆ, ಒಂದೊಂದು ಆಣೆ ಬದಲಾಯಿಸಿದ ಹಾಗೆ. ಎಲ್ಲಿ "ಹತ್ರಹತ್ರ" ಸಾಕು, ಎಲ್ಲಿ ಸಾಲದು ಅಂತ ತಿಳಿದಿರೋದೇ ಕಸುಬು.

ಇನ್ನೊಂದು ವಿಷಯ. ಥ್ರೆಡ್ ಒಂದೇ ಏಟಿಗೆ ಆಗಲ್ಲ, ಅದೇ ಜಾಡಿನಲ್ಲಿ ಹತ್ತಾರು ಸಲ ಟೂಲ್ ಓಡಿಸಬೇಕು. ಸಾಮಾನ್ಯ ಇಂಚಿನ ಥ್ರೆಡ್ ಆದ್ರೆ ಲೀಡ್ ಸ್ಕ್ರೂ ಹಿಡಿದಿರೋ ಹಾಫ್ ನಟ್ ಬಿಚ್ಚಿ, ಟೂಲನ್ನು ಕೈಯಲ್ಲೇ ಹಿಂದಕ್ಕೆ ತಂದು, ಡಯಲ್ ನೋಡಿ ಮತ್ತೆ ಹಾಕಬಹುದು. ಇಂಚಿನ ಲೇತಿನಲ್ಲಿ ಎಂ.ಎಂ. ಹಾಕುವಾಗ ಆ ಡಯಲ್ ನಂಬಂಗಿಲ್ಲ, ಜಾಡು ತಪ್ಪುತ್ತೆ. ಹಾಗಾಗಿ ಕೆಲಸ ಮುಗಿಯೋವರೆಗೂ ಹಾಫ್ ನಟ್ ಬಿಚ್ಚಲ್ಲ. ಟೂಲನ್ನು ಹೊರಕ್ಕೆಳೆದು, ಇಡೀ ಮಿಷಿನನ್ನೇ ಉಲ್ಟಾ ತಿರುಗಿಸಿ ವಾಪಸ್ ತರ್ತಾರೆ. ಪ್ರತಿ ಸಲವೂ. ನಾನು ಸ್ಟೂಲ್ ಮೇಲೆ ಕೂತು ನೋಡ್ತಿದ್ದೆ, ಆ ಅಣ್ಣ ಒಂದು ಸಲವೂ ಅವಸರ ಮಾಡಲಿಲ್ಲ.

ಭಾಗ 6/6

ಒಂದು ಪ್ರಶ್ನೆ ಉಳಿದಿದೆ. ಇಂಚು ಸರಿಯಾಗಿ 25.4 ಅಂತ ಯಾರು ಹೇಳಿದ್ರು?

ಮೊದಲು ಹಾಗಿರಲಿಲ್ಲ. ಬ್ರಿಟನ್ನಿನ ಇಂಚು 25.4ಕ್ಕಿಂತ ಒಂಚೂರು ಕಮ್ಮಿ, ಅಮೆರಿಕದ ಇಂಚು ಒಂಚೂರು ಜಾಸ್ತಿ. ವ್ಯತ್ಯಾಸ ಶುರುವಾಗ್ತಿದ್ದದ್ದು ದಶಮಾಂಶದ ಐದನೇ ಸ್ಥಾನದಲ್ಲಿ. ಅಳತೆಗಟ್ಟಿ ಮಾಡ್ತಿದ್ದ ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೊಹಾನ್ಸನ್ 25.4 ಅನ್ನೇ ಬಳಸೋಕೆ ಶುರು ಮಾಡಿದ. 1930ರ ದಶಕದಲ್ಲಿ ಎರಡೂ ದೇಶದ ಕೈಗಾರಿಕೆಗಳು ಒಪ್ಪಿಕೊಂಡ್ವು. ವರ್ಕ್‌ಶಾಪುಗಳಲ್ಲಿ 127ರ ಗೇರು ಅದಕ್ಕೂ ಮುಂಚಿನಿಂದ ತಿರುಗ್ತಾನೇ ಇತ್ತು. ಕೊನೆಗೆ 1959 ಜುಲೈ 1ರಿಂದ ಇಂಚಿನ ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡ್ವು: ಒಂದು ಇಂಚು ಅಂದ್ರೆ 25.4 ಮಿಲಿಮೀಟರ್, ಮುಗೀತು. ಇಂಚಿಗೇ ಈಗ ಅಳತೆ ಕೊಡೋದು ಮೀಟರ್. ಕಾಗದದ ಮೇಲಿನ ಒಪ್ಪಂದ ಬಂದಾಗ ಕಬ್ಬಿಣದ ಚಕ್ರ ಆಗಲೇ ಕಾಯ್ತಾ ಇತ್ತು.

ನಾವಿನ್ನೂ ಎರಡೂ ಅಳತೆಯಲ್ಲೇ ಬದುಕ್ತಿದ್ದೀವಿ. ಬೈಕಿನ ಬೋಲ್ಟಿಗೆ 10ರ ಸ್ಪ್ಯಾನರ್, ನಲ್ಲಿಗೆ ಅರ್ಧ ಇಂಚಿನ ಪೈಪು. ಚಿನ್ನ ಗ್ರಾಂನಲ್ಲಿ, ಸೈಟು 30-40 ಅಡಿಯಲ್ಲಿ. "ನಾಲ್ಕಾಣೆ ಬೆಲೆ ಇಲ್ಲ" ಅಂತ ಈಗಲೂ ಬೈತೀವಿ. ಮೂರಾಣೆ ಅಂತ ಯಾರೂ ಬೈಯಲ್ಲ. 25ಕ್ಕೆ ಸರಿಯಾಗಿ ಕೂತಿದ್ದಕ್ಕೇ ಆ ಮಾತು ಉಳೀತು ಅಂತ ನನಗೆ ಅನ್ನಿಸುತ್ತೆ.

ಅಕೌಂಟೆನ್ಸಿ ಕ್ಲಾಸಲ್ಲಿ "ರೌಂಡ್ ಆಫ್ ಮಾಡಿ" ಅಂದಾಗ ಇನ್ಮೇಲೆ ಒಂದು ಸಲ ಯೋಚನೆ ಮಾಡಿ. ರೌಂಡ್ ಆಫ್ ಮಾಡೋದು ತಪ್ಪಲ್ಲ. ಆದ್ರೆ ಎಲ್ಲಿ ಮಾಡ್ತೀವಿ, ಎಷ್ಟು ಸಲ ಮಾಡ್ತೀವಿ, ಆ ಚೂರು ಯಾರ ಲೆಕ್ಕದಿಂದ ಹೋಗುತ್ತೆ ಅನ್ನೋದು ಮುಖ್ಯ. 96 ಪೈಸೆ ಸಿಕ್ಕವರಿಗೆ ಗೊತ್ತು. ನಾಲ್ಕನೇ ಸುತ್ತಿಗೆ ನಟ್ಟು ಕಚ್ಚಿಕೊಂಡ ನಮ್ಮ ಚಿಕ್ಕಪ್ಪಂಗೂ ಗೊತ್ತು.

ಅವತ್ತು ಸಂಜೆ ಶಾಫ್ಟ್ ರೆಡಿ ಆಯ್ತು. ಹೊಸ ನಟ್ಟು ಹಾಕಿದ್ವಿ. ಅಣ್ಣ ಎರಡೇ ಬೆರಳಲ್ಲಿ ತಿರುಗಿಸಿದ್ರು, ಕೊನೇವರೆಗೂ ಹೋಯ್ತು. ಎಷ್ಟು ದುಡ್ಡು ಅಂದೆ. ಹೇಳಿದ್ರು. ಅದನ್ನ ಮಾತ್ರ ನಾನು ರೌಂಡ್ ಆಫ್ ಮಾಡಿ, ಸ್ವಲ್ಪ ಜಾಸ್ತೀನೇ ಕೊಟ್ಟೆ.

ಕೊನೇ ಫೋಟೋ: ಚಕ್ರ ವಾಪಸ್ ಗೋಡೆ ಮೇಲೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಫ್ರೆಂಡ್ಸ್, ನಿಮ್ಮೂರಿನ ಲೇತ್ ಶಾಪಲ್ಲಿ ಇಂಥ ಗೇರು ಕಂಡ್ರೆ ಹಲ್ಲು ಎಣಿಸಿ ಕಾಮೆಂಟಲ್ಲಿ ಹಾಕಿ. ಮನೇಲಿ ಅಜ್ಜಿ ಇದ್ರೆ ಒಂದಾಣೆಗೆ ಆಗ ಎಷ್ಟು ಪೈಸೆ ಕೊಟ್ರು ಅಂತ ಕೇಳಿ, ಅದನ್ನೂ ಬರೀರಿ.

#ನಮ್ಮೂರಇತಿಹಾಸ #ಕೊಳ್ಳೇಗಾಲ #ಹನೂರು #ಯಳಂದೂರು #ಲೇತ್ #ನೂರಿಪ್ಪತ್ತೇಳು